ಮನೆಗೊಬ್ಬ ಡಿಸೈನ್ ಪುಟ್ಟ

ಒಂದು ಕಾಲಕ್ಕೆ ಬೆಂಗಳೂರಿನ ಪ್ರತಿ ಮನೆಯಲ್ಲೂ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಇರುತ್ತಿದ್ದ. ಈಗ ಬೀದಿಗೊಬ್ಬನಾದರೂ ಡಿಸೈನ್ ವಿದ್ಯಾರ್ಥಿ ಸಿಗುತ್ತಾನೆ. ಕಪ್ಪು ಟೀ ಶರ್ಟು, ದುಂಡು ಕನ್ನಡಕ, ಹೆಗಲಿಗೆ ಬಟ್ಟೆಯ ಚೀಲ, ಬೆರಳ ತುದಿಯಲ್ಲಿ ಎಷ್ಟು ತೊಳೆದರೂ ಹೋಗದ ಇಂಕು. ಇಷ್ಟಿದ್ದರೆ ಅವನೇ. "ಮಗ ಏನು ಓದ್ತಿದ್ದಾನೆ?" ಎಂದು ಯಾರಾದರೂ ಕೇಳಿದರೆ ಅಪ್ಪ ಉಗುಳು ನುಂಗಿಕೊಂಡು "ಕಂಪ್ಯೂಟರಿಗೆ ಸಂಬಂಧಪಟ್ಟಿದ್ದು" ಅನ್ನುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಇಂಥವನನ್ನು ನಾವು ಪುಟ್ಟ ಎಂದು ಕರೆಯೋಣ. ಮನೆಯಲ್ಲೂ ಹಾಗೇ ಕರೆಯುವುದು.

ಪುಟ್ಟನ ಮೊದಲ ವರ್ಷದ ಹೆಸರು ಫೌಂಡೇಶನ್. ಅಂದರೆ ಮನೆಯ ಯಾವ ಸಾಮಾನೂ ಅದರ ಜಾಗದಲ್ಲಿರುವುದಿಲ್ಲ. ಚಟ್ನಿಗೆ ಕಾಯಿ ತುರಿಯಲು ಅಮ್ಮ ತುರಿಮಣೆ ಹುಡುಕುತ್ತಾರೆ. ಅದು ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ರಾಜಠೀವಿಯಲ್ಲಿ ಕೂತಿರುತ್ತದೆ. "ಮುಟ್ಟಬೇಡ ಅಮ್ಮಾ, ನೆರಳು ಬದಲಾಗುತ್ತೆ!" ಅಂದು ದೋಸೆಗೆ ಚಟ್ನಿಪುಡಿಯೇ ಗತಿ. ಬೈದರೆ ಪುಟ್ಟ ಇತಿಹಾಸ ತೆಗೆಯುತ್ತಾನೆ: ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ನಮ್ಮ ಚೊಂಬನ್ನು ಬಾಯ್ತುಂಬ ಹೊಗಳಿದ್ದಾರೆ, ಆ ವರದಿಯ ಫಲವಾಗಿಯೇ 1961ರಲ್ಲಿ ಅಹಮದಾಬಾದಿನಲ್ಲಿ ಎನ್‌ಐಡಿ ಎಂಬ ಡಿಸೈನ್ ಸಂಸ್ಥೆ ಹುಟ್ಟಿತು. ಅಜ್ಜಿ ಒಳಗಿಂದಲೇ ತೀರ್ಪು ಕೊಡುತ್ತಾರೆ: "ಹೊಗಳಿದ್ದು ಸಾಕು, ಒಂದು ದಿನ ಅದನ್ನ ಹುಣಸೆಹಣ್ಣು ಹಾಕಿ ಬೆಳಗು."

ಭಾನುವಾರ ಬೆಳಗ್ಗೆ ಕೆ.ಆರ್. ಮಾರುಕಟ್ಟೆಯಲ್ಲಿ ಸ್ಕೆಚಿಂಗ್. ಹೂವಿನವಳ ಎದುರು ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತು ಗೀಚಿದವನಿಗೆ ಆಕೆ ಕೊನೆಗೆ ಹೇಳುವುದು ಒಂದೇ ಮಾತು: "ಬರ್ದಿದ್ದಾಯ್ತಲ್ಲ, ಎರಡು ಮೊಳ ತಗೊಂಡೋಗು." ಅಂಕ ಕಡಿಮೆ ಬಂದರೆ ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ನೆರವಿಗೆ ಬರುತ್ತಾರೆ. ಅವರಿಗೇ ಮುಂಬೈನ ಜೆ.ಜೆ. ಕಲಾಶಾಲೆ ಸೀಟು ಕೊಡಲಿಲ್ಲವಂತೆ. "ಅವರು ಆಮೇಲೆ ದಿನಾ ಬರೆದರಪ್ಪಾ" ಎಂದು ಅಪ್ಪ ಗೊಣಗುವಷ್ಟರಲ್ಲಿ ಪುಟ್ಟ ಮುಸುಕು ಹಾಕಿಕೊಂಡಾಗಿರುತ್ತದೆ.

ಎರಡನೇ ವರ್ಷ ಅನಿಮೇಶನ್. ಮೊದಲ ಪಾಠ, ಚೆಂಡು ಪುಟಿಯುವುದು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮು ನಿಲ್ಲಿಸಿದರೂ 12 ಚಿತ್ರ ಬೇಕು. ನೆಲಕ್ಕೆ ಬಡಿದಾಗ ಚೆಂಡು ಚಪ್ಪಟೆಯಾಗಬೇಕು, ಮೇಲೇಳುವಾಗ ಉದ್ದವಾಗಬೇಕು, ನೆತ್ತಿಯಲ್ಲಿ ಒಂದಿಷ್ಟು ತೇಲಬೇಕು. ತಿಂಗಳುಗಟ್ಟಲೆ ಮನೆಯಲ್ಲಿ ಧಡ್ ಧಡ್. "ಚೆಂಡು ಕುಣಿಸೋಕೆ ಇಷ್ಟೊಂದು ಫೀಸಾ?" ಎಂದು ಅಜ್ಜಿ. ಮುಂದಿನ ಪಾಠಕ್ಕೆ ಅಜ್ಜಿಯೇ ಮಾಡೆಲ್. ಅವರು ದೇವರಮನೆಯಿಂದ ಹಾಲಿಗೆ ಬರುವುದನ್ನು ಮೊಬೈಲಿನಲ್ಲಿ ಹಿಡಿದು, ಒಂದೊಂದೇ ಫ್ರೇಮು ಸರಿಸಿ ನೋಡಿ ಪುಟ್ಟ ಘೋಷಿಸುತ್ತಾನೆ:

"ಅಜ್ಜಿ, ನಿನ್ನ ಎಡಗಾಲು ನಾಲ್ಕು ಫ್ರೇಮ್ ಲೇಟು."

"ಗೊತ್ತು ಕಣೋ. ಡಾಕ್ಟ್ರು ಐನೂರು ರೂಪಾಯಿ ತಗೊಂಡು ಅದನ್ನೇ ಹೇಳಿದ್ರು."

ಮೂರನೇ ವರ್ಷ ಟೈಪೋಗ್ರಫಿ ಅಂಟಿಕೊಳ್ಳುತ್ತದೆ. ಇದಕ್ಕೆ ಮದ್ದಿಲ್ಲ. ಹೆಲ್ವೆಟಿಕಾ 1957ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿತೆಂಬುದು ಪುಟ್ಟನಿಗೆ ಬಾಯಿಪಾಠ, ಅಪ್ಪ ಹುಟ್ಟಿದ ಇಸವಿ ಕೇಳಿದರೆ ಆಧಾರ್ ಕಾರ್ಡು ನೋಡಬೇಕು. ದರ್ಶಿನಿಗೆ ಹೋದರೆ ಬೋರ್ಡಿನ ಅಕ್ಷರಗಳ ನಡುವಿನ ಸಂದು ಅಳೆಯುತ್ತ ನಿಲ್ಲುತ್ತಾನೆ. ಹಿಂದಿದ್ದವರು ಟೋಕನ್ ತಗೊಂಡು, ವಡೆ ತಿಂದು, ಕೈ ತೊಳೆದು ಹೋಗಿರುತ್ತಾರೆ. ಹಲ್ಲಿನ ಡಾಕ್ಟರ ಬೋರ್ಡು ಕಾಮಿಕ್ ಸ್ಯಾನ್ಸಿನಲ್ಲಿದೆ ಎಂಬ ಕಾರಣಕ್ಕೆ ನೋವು ನುಂಗಿಕೊಂಡು ವಾಪಸು ಬಂದವನು ಅವನು.

ಇಂಥವನ ಕೈಗೆ ಚಿಕ್ಕಪ್ಪ ಮಗಳ ಮದುವೆಯ ಲಗ್ನಪತ್ರಿಕೆ ಒಪ್ಪಿಸುತ್ತಾರೆ. "ಪುಟ್ಟ ಇದ್ದಾನಲ್ಲ, ಚಿಕ್ಕಪೇಟೆಗೆ ಯಾಕೆ ಹೋಗಬೇಕು?" ಪುಟ್ಟ ಒಂದು ವಾರ ತಪಸ್ಸು ಮಾಡಿ ತಂದ ಕಾರ್ಡಿನಲ್ಲಿ ಎಡಮೂಲೆಗೆ ಎರಡು ಹೆಸರು, ಉಳಿದದ್ದೆಲ್ಲ ಬಿಳಿ.

"ಇದೇನೋ, ಪ್ರಿಂಟು ಬಿದ್ದೇ ಇಲ್ಲ?"

"ಅದು ವೈಟ್ ಸ್ಪೇಸ್, ಚಿಕ್ಕಪ್ಪ."

"ಹಾಗಾದ್ರೆ ಒಳ್ಳೇದಾಯ್ತು. ಐದೂ ಜನ ಸೋದರಮಾವಂದಿರು ಅಲ್ಲಿ ಹಿಡೀತಾರೆ."

ಹೆಸರುಗಳು ಬಂದವು, ಜೊತೆಗೆ ಕನ್ನಡವೂ ಬಂತು. ಅಲ್ಲಿಯವರೆಗೆ ಪುಟ್ಟ ಅಕ್ಷರ ಅಂದರೆ ಇಂಗ್ಲಿಷ್ ಅಂದುಕೊಂಡಿದ್ದ. ಡಿಸೈನ್ ಸಾಫ್ಟ್‌ವೇರಿನಲ್ಲಿ ಭಾರತೀಯ ಭಾಷೆಗಳ ಸೆಟ್ಟಿಂಗ್ ಆನ್ ಮಾಡದಿದ್ದರೆ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ. ಲಕ್ಷ್ಮೀವೆಂಕಟೇಶ್ವರಸ್ವಾಮಿ ಬಿಡಿಬಿಡಿಯಾಗಿ ಚದುರಿಹೋದರು. ಸೆಟ್ಟಿಂಗ್ ಹುಡುಕಿ ಸರಿಪಡಿಸಿದ ಮೇಲೆ ಇನ್ನೊಂದು ತಾಪತ್ರಯ. ಸಾಲುಗಳ ಅಂತರ ಇಂಗ್ಲಿಷಿನ ಲೆಕ್ಕದ್ದು, ಕನ್ನಡದ ಒತ್ತಿಗೆ ಕೆಳಗೂ ಗುಡಿಸಿಗೆ ಮೇಲೂ ಜಾಗ ಬೇಕು. ಚಿಕ್ಕಪ್ಪ ಕನ್ನಡಕ ಏರಿಸಿ ನೋಡಿ ಹೌಹಾರಿದರು: "ಬೀಗರ ಒತ್ತು ನಮ್ಮ ತಲೆಕಟ್ಟಿನ ಮೇಲೆ ಕೂತಿದೆಯಲ್ಲೋ! ಮದುವೆಗೆ ಮುಂಚೆನೇ?"

ಕೊನೆಗೆ ಪ್ರಿಂಟಿಂಗ್ ಪ್ರೆಸ್ಸಿನ ಡಿಟಿಪಿ ಅಕ್ಕನ ಬಳಿ ಹೋಗಲೇಬೇಕಾಯಿತು. ಆಕೆ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ, ಹಳೆಯ ನುಡಿ ಫಾಂಟಿನಲ್ಲಿ, ಟೀ ಕುಡಿಯುತ್ತಲೇ ಸೋದರಮಾವಂದಿರನ್ನೆಲ್ಲ ಸಾಲಾಗಿ ಕೂರಿಸಿದಳು. ಆ ಫಾಂಟಿನಲ್ಲಿ ಒತ್ತು, ಗುಡಿಸು, ಕೊಂಬು ಎಲ್ಲ ಬಿಡಿ ತುಂಡುಗಳು. ಕಂಪ್ಯೂಟರ್ ಅದನ್ನು ಇಂಗ್ಲಿಷೆಂದೇ ನಂಬಿ ತಂಟೆಗೆ ಬರುವುದಿಲ್ಲ. ಪುಟ್ಟ ಬೆರಗಾದ. ಆದರೆ ಆಕೆ ಹೆಸರುಗಳಿಗೆ ನೇರಳೆ ಬಣ್ಣ, ಅಂಚಿಗೆ ಚಿನ್ನದ ಬಣ್ಣ, ಮೂಲೆಗೊಂದು ನವಿಲು ಹಾಕಿದಾಗ ಗೋಡೆ ಹಿಡಿದುಕೊಂಡ. ಬಹಳ ಚೌಕಾಸಿಯ ನಂತರ ಒಂದು ನವಿಲು ಉಳಿಯಿತು.

ಅಂದಿನಿಂದ ಪುಟ್ಟನ ಡಿಗ್ರಿ ಪ್ರಾಜೆಕ್ಟು ಒಂದು ಹೊಸ ಕನ್ನಡ ಫಾಂಟು. ಇಂಗ್ಲಿಷಿನಲ್ಲಿ 26 ಅಕ್ಷರ. ಕನ್ನಡದಲ್ಲಿ 49, ಅದರ ಮೇಲೆ ಕಾಗುಣಿತ, ಒತ್ತು, ಅರ್ಕಾವತ್ತು, ಒಟ್ಟು ನೂರಾರು ಆಕಾರ. ಕೋರ್ಸು ಮುಗಿಯಲು ಆರು ತಿಂಗಳಿದೆ. ಪುಟ್ಟ ಸದ್ಯಕ್ಕೆ 'ಕ'ದಲ್ಲಿದ್ದಾನೆ.

ನಗಬೇಡಿ. ಓದಲು ಹಿತವಾದ ಕನ್ನಡ ಫಾಂಟು ನಾಳೆ ಬಂದರೆ ಅದು ಇಂಥ ಪುಟ್ಟಂದಿರಿಂದಲೇ ಬರಬೇಕು. ನಿಮ್ಮ ಮನೆಯಲ್ಲೂ ಒಬ್ಬನಿದ್ದರೆ ಒಂದು ವಿನಂತಿ. ಮದುವೆಯಲ್ಲಿ ಪುರೋಹಿತರಿಗೆ ದಕ್ಷಿಣೆ ಕೊಡುತ್ತೀರಿ, ಓಲಗದವರಿಗೆ, ಅಡುಗೆಯವರಿಗೆ ಮುಂಗಡವನ್ನೇ ಕೊಡುತ್ತೀರಿ. ಪತ್ರಿಕೆ ಮಾಡಿದವನಿಗೆ ಮಾತ್ರ "ಮನೆ ಹುಡುಗ ತಾನೆ" ಅನ್ನಬೇಡಿ. ಒಂದು ಕವರಿನಲ್ಲಿ ದುಡ್ಡಿಟ್ಟು ಕೊಡಿ. ಕವರಿನ ಮೇಲೆ ಅವನ ಹೆಸರನ್ನು ಯಾವ ಫಾಂಟಿನಲ್ಲಿ ಬರೆದರೂ ತಕರಾರು ಮಾಡುವುದಿಲ್ಲ.