ಸಂಚಕಾರ ಮೀಮಾಂಸೆ: ಕಂಬೈನಲ್ಲೂರು ಕರಾರುಶಾಸ್ತ್ರಕ್ಕೊಂದು ಪೀಠಿಕೆ

ಕರಾರು ಹುಟ್ಟಿದ್ದು ರೋಮಿನಲ್ಲಿ ಎನ್ನುವ ಪಂಡಿತರು ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಕಂಬೈನಲ್ಲೂರಿನ ಬಸ್ಸು ಹತ್ತಿದವರಲ್ಲ. ಈ ಸೀಮೆಯವರು ಕರಾರು ಬರೆದದ್ದು ಆಮೇಲಿನ ಮಾತು. ಮೊದಲು ಸೀಮೆಯೇ ಕರಾರಿನ ಸರಕಾಗಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಸೇಲಂ, ಈ ಸೀಮೆ ಸೇರಿದ್ದ ಬಾರಾಮಹಲುಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಇಲ್ಲಿಯವರ ರುಜು ಯಾರಿಗೂ ಬೇಕಾಗಲಿಲ್ಲ.

3 ಕೋಟಿ 30 ಲಕ್ಷ ರೂಪಾಯಿ ದಂಡವೂ ಬಿತ್ತು. ಭದ್ರತೆಗೆ ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆ ಹೋಗಿ 1794ರಲ್ಲಿ ಮರಳಿದರು. ಇದು ಕರಾರು ಕಾಯಿದೆಯ 126ನೇ ಕಲಮಿನ ಜಾಮೀನೋ, 172ನೇ ಕಲಮಿನ ಗಿರವಿಯೋ ಎಂಬ ಘೋರ ಪ್ರಶ್ನೆ ಹಾಗೇ ಉಳಿದಿದೆ. ಆ ಕಾಯಿದೆ 80 ವರ್ಷ ತಡಮಾಡಿ, 1872ರಲ್ಲಿ ಬಂತು.

ಒಪ್ಪಂದದ ಬೆನ್ನಲ್ಲೇ ಕಂಪನಿಯ ಕ್ಯಾಪ್ಟನ್ ರೀಡ್, ಅವನ ಸಹಾಯಕ ಥಾಮಸ್ ಮನ್ರೋ ಬಂದು, ರೈತರ ಜೊತೆ ಒಬ್ಬೊಬ್ಬರಾಗಿ ಕಂದಾಯ ಗೊತ್ತುಮಾಡಿ ಪಟ್ಟಾ ಕೊಡುವ ರೈತವಾರಿಗೆ ಇಲ್ಲೇ ಅಡಿಪಾಯ ಹಾಕಿದರು.

ಇನ್ನು ಭಾಷಾಶಾಸ್ತ್ರ. ವ್ಯಾಪಾರ ಗಟ್ಟಿಮಾಡಲು ಕೊಡುವ ಮುಂಗಡಕ್ಕೆ ಕನ್ನಡದಲ್ಲಿ ಸಂಚಕಾರ ಎಂದು ಹೆಸರು. ಸಂಸ್ಕೃತದ ಸತ್ಯಂಕಾರ, ಅಂದರೆ ಮಾತನ್ನು ನಿಜಮಾಡುವುದು, ಅದರ ಮೂಲ. ತಮಿಳಿನವರು ಅಚ್ಚಾರ ಅನ್ನುತ್ತಾರೆ. ಕನ್ನಡಿಗರು ಮಾತ್ರ ಅದೇ ಪದವನ್ನು ‘ಜೀವಕ್ಕೆ ಸಂಚಕಾರ’ ಎಂದೂ ಬಳಸುತ್ತಾರೆ. ಎಷ್ಟು ಮುಂಗಡಗಳ ಅನುಭವ ಈ ಅರ್ಥಪಲ್ಲಟದ ಹಿಂದಿದೆಯೋ, ಒಂದು ಪಿಎಚ್.ಡಿ.ಗೆ ಸಾಕು. ಈ ಸೀಮೆಯ ಕನ್ನಡದವರಿಗೆ ಮನೆಯಲ್ಲಿ ಕನ್ನಡದಲ್ಲಿ ಚೌಕಾಸಿ, ಪತ್ರ ತಮಿಳಿನಲ್ಲಿ, ಕಾಯಿದೆ ಇಂಗ್ಲಿಷಿನಲ್ಲಿ; ಹೆಬ್ಬೆಟ್ಟಿಗಷ್ಟೇ ಭಾಷೆಯ ತೊಡಕಿಲ್ಲ.

ಮಾವು ಹೂ ಬಿಟ್ಟಾಗಲೇ ತೋಪಿನ ಗುತ್ತಿಗೆ ಆಗಿಬಿಡುತ್ತದೆ. ಕಾಯಿ ಇನ್ನೂ ಇಲ್ಲ, ಬೆಲೆ ಇದೆ. ಇದನ್ನು ವೇದಾಂತಿಗಳು ನೋಡಬೇಕಿತ್ತು.

ದನದ ಸಂತೆಯದು ಇನ್ನೂ ಸೂಕ್ಷ್ಮ. ಬೆಲೆ ಹೇಳಲು ಟವೆಲ್ಲಿನ ಕೆಳಗೆ ದಲ್ಲಾಳಿ ಕೈ ಹಿಡಿಯುತ್ತಾನೆ. ಒಂದು ಬೆರಳು ಒತ್ತಿದರೆ ಒಂದು. ಒಂದು ನೂರೋ, ಒಂದು ಸಾವಿರವೋ? ಎತ್ತಿನ ಹಲ್ಲು ನೋಡಿದವನಿಗೆ ಗೊತ್ತು. 29ನೇ ಕಲಮಿನ ಪ್ರಕಾರ ಅರ್ಥ ಗೊತ್ತಾಗದ ಒಪ್ಪಂದ ಅನೂರ್ಜಿತ. ಆದರೆ 10ನೇ ಕಲಮು ಎಲ್ಲ ಕರಾರಿಗೂ ಕಾಗದ ಬೇಕೆಂದು ಹೇಳುವುದಿಲ್ಲ. ಅರ್ಥವಂತೂ ಇಬ್ಬರಿಗೂ ಗೊತ್ತು. ಹಾಗಾಗಿ ಟವೆಲ್ಲು ಕಾನೂನುಬದ್ಧ.

ಈ ಸಿದ್ಧಾಂತವನ್ನು ಕಣ್ಣಾರೆ ಪರೀಕ್ಷಿಸಲು ಸಂಶೋಧಕರು ಟವೆಲ್ಲು ಸ್ವಲ್ಪ ಎತ್ತುವಂತೆ ಕೇಳಿಕೊಂಡರು. ದಲ್ಲಾಳಿ ಅವರನ್ನು ಮೇಲಿಂದ ಕೆಳಗೆ ನೋಡಿ, “ಸ್ವಾಮಿ, ಮೊದಲು ಸಂಚಕಾರ ಇಡಿ” ಎಂದ.