ನಗರಸಂಚಾರದಲ್ಲಿ ಸಂಧಿಪ್ರಕರಣ

ನಗರದ ಸಾರ್ವಜನಿಕ ವಾಹನಮಾರ್ಗಗಳು ಒಂದರೊಡನೊಂದು ಎಷ್ಟರಮಟ್ಟಿಗೆ ಕೂಡಿಕೊಂಡಿವೆಯೆಂಬುದನ್ನು ಅಳೆಯಲು ಪಾಶ್ಚಾತ್ಯ ಭೂಗೋಳಜ್ಞನಾದ ಕ್ಯಾನ್ಸ್ಕಿಯು 1963ರ ತನ್ನ ಗ್ರಂಥದಲ್ಲಿ ಆಲ್ಫಾ, ಬೀಟಾ, ಗಾಮಾ ಮೊದಲಾದ ಸೂಚ್ಯಂಕಗಳನ್ನು ವಿಸ್ತರಿಸಿ ಹೇಳಿರುವನು. ಇವುಗಳಲ್ಲಿ ಆಲ್ಫಾ ಎಂಬುದು, ಹೊರಟೆಡೆಗೇ ಬೇರೊಂದು ಹಾದಿಯಿಂದ ಸುತ್ತಿ ಬರಬಲ್ಲ ಆವರ್ತಗಳು ಜಾಲದಲ್ಲಿ ಎಷ್ಟಿವೆಯೆಂಬುದರ ಮಾನ. ಬೆಂಗಳೂರಿನ ಮೆಟ್ರೋ, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗವನ್ನು ಆರ್.ವಿ. ರಸ್ತೆಯಲ್ಲಿ ಕೂಡಿಸಿಕೊಂಡ ಮೇಲೂ, ಈ ಪರೀಕ್ಷೆಯಲ್ಲಿ ಗಳಿಸಿದ ಅಂಕ ಸೊನ್ನೆ. ಶೂನ್ಯಸಂಪಾದನೆಗೆ ಹೆಸರಾದ ನಾಡಿಗೆ ಇದರಿಂದ ಕುಂದೇನೂ ಇಲ್ಲ. ಆದರೆ ನಕ್ಷೆಯ ಬಿಂದುವನ್ನು ಬಿಂದುವೆಂದೇ ನಂಬುವ ಈ ಗಣಿತಕ್ಕೆ ಮೆಜೆಸ್ಟಿಕ್ಕಿನ ಪರಿಚಯವಿಲ್ಲ. ಪೆಟ್ಟಿಗೆ ಹೊತ್ತು ರೈಲಿನಿಂದಿಳಿದು ತನ್ನ ಬಸ್ಸಿನ ಪ್ಲಾಟ್‌ಫಾರಂ ಅರಸುವವನಿಗೆ ಆ ಬಿಂದುವು ಒಂದು ಪ್ರಾಂತ.

ಆದಕಾರಣ ಸಂಧಿಗಳ ಲಕ್ಷಣ ಹೇಳಿದ ವೈಯಾಕರಣ ಕೇಶಿರಾಜನನ್ನು ಮೊರೆಹೋಗುವುದೇ ಯುಕ್ತ. ಪರವಾದ ಪ್ರಯಾಣಿಕನು ಬಂದು ಸೇರುವ ಕ್ಷಣದಲ್ಲಿಯೇ ಪೂರ್ವವಾದ ಬಸ್ಸು ಇಲ್ಲವಾಗುವುದು ಲೋಪಸಂಧಿ. ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಊರಿನ ಹೆಸರು ಅಳಿದು ಆ ಸ್ಥಾನದಲ್ಲಿ ‘ಡಿಪೋ’ ಎಂಬ ಬೋರ್ಡು ಬರುವುದು ಆದೇಶಸಂಧಿ. ಇದಕ್ಕೆ ಉದಾಹರಣೆ ಬೇಡ.

ವಿಚಾರಯೋಗ್ಯವಾದುದು ಆಗಮಸಂಧಿ. 2023ರ ಮಾರ್ಚ್ 25ರಂದು ವೈಟ್‌ಫೀಲ್ಡಿನಿಂದ ಹೊರಟ ಮೆಟ್ರೋ ಕೆ.ಆರ್. ಪುರಕ್ಕೆ ಬಂದು ನಿಂತಿತು. ಹಳೆಯ ಮಾರ್ಗವು ಬೈಯಪ್ಪನಹಳ್ಳಿಯಲ್ಲಿ ನಿಂತೇ ಇದ್ದಿತು. ಇವೆರಡು ಸ್ವರಗಳು ಕೂಡಿದುದು ಅಕ್ಟೋಬರ್ 9ಕ್ಕೆ. ಅಲ್ಲಿಯವರೆಗೆ ನಡುವಣ ತೆರಪಿನಲ್ಲಿ ಯಕಾರ ವಕಾರಗಳಂತೆ ಬಂದು ನಿಂತವು ಫೀಡರ್ ಬಸ್ಸು ಮತ್ತು ಆಟೋ. ಮಾರ್ಗಗಳು ಕೂಡಿದರೂ ಮನೆಗೂ ನಿಲ್ದಾಣಕ್ಕೂ ನಡುವೆ ಆಟೋವಿನ ಆಗಮ ಇಂದಿಗೂ ನಿತ್ಯವಾಗಿರುವುದರಿಂದ, ನಮ್ಮ ಮಾನವನ್ನು ಇದರ ಮೇಲೆಯೇ ನಿಲ್ಲಿಸುವುದು ಉಚಿತ: ಆಗಮಕ್ಕೆ ತೆತ್ತ ಹಣವನ್ನು ಮೆಟ್ರೋ ಟಿಕೆಟಿನ ಹಣದಿಂದ ಭಾಗಿಸಲು ಬಂದ ಲಬ್ಧವೇ ‘ಸಂಧಿಮಾನ’. ಅದು ಒಂದನ್ನು ಮೀರಿದಲ್ಲಿ ಆಟೋವೇ ಪ್ರಕೃತಿಯೆಂದೂ ಮೆಟ್ರೋ ಅದಕ್ಕೆ ಹತ್ತಿದ ಪ್ರತ್ಯಯವೆಂದೂ ತಿಳಿಯತಕ್ಕದ್ದು. ಮೀಟರಿನ ಮೇಲೆ ಕೇಳುವ ಹೆಚ್ಚುವರಿಯು ವಿಕಲ್ಪವೇ ನಿತ್ಯವೇ ಎಂಬುದರಲ್ಲಿ ಆಚಾರ್ಯರಿಗೆ ಭಿನ್ನಮತವಿಲ್ಲ.

ಇನ್ನು ಸಂಧಿಯೇ ಆಗದ ಪ್ರಕೃತಿಭಾವ. ಪ್ಲುತಸ್ವರದ ಮುಂದೆ ಸಂಧಿ ಕೂಡದೆಂಬ ಪ್ರಾಚೀನ ವಿಧಿಗೆ ನಮ್ಮ ನಿಲ್ದಾಣಗಳಷ್ಟು ಪ್ರಯೋಗಗಳನ್ನು ಯಾವ ಕಾವ್ಯವೂ ಒದಗಿಸಲಾರದು. “ಸಾ...ರ್, ಹೋಲ್ಡಾ...ನ್!” ಎಂದು ಪ್ರಯಾಣಿಕನು ಮೂರು ಮಾತ್ರೆಗೆ ಕೊರತೆಯಾಗದಂತೆ ಎಳೆದು ಕೂಗುತ್ತ ಓಡುವನು; ಆದರೆ ಕಂಡಕ್ಟರನ “ರೈಟ್” ಎರಡೇ ಮಾತ್ರೆಯದಾದುದರಿಂದ, ಚಾಲಕನ ಕಿವಿಯನ್ನು ಅದು ಮೊದಲು ಮುಟ್ಟುವುದು.