ಎಲಿವೇಷನ್ ಯಜಮಾನ

ಮನೆಯ ಮುಖವನ್ನು ಮೊದಲು ತೀರ್ಮಾನಿಸಿ, ಆ ಮುಖದ ಹಿಂದೆ ಒಂದು ಮನೆಯೂ ಇರಬೇಕಾಗುತ್ತದೆ ಎಂಬುದನ್ನು ಆಮೇಲೆ ಒಪ್ಪಿಕೊಳ್ಳುವ ಗೃಹಸ್ಥನೇ ಎಲಿವೇಷನ್ ಯಜಮಾನ. ನಾಡಿನ ಎಲ್ಲ ಕಡೆಯೂ ಇದ್ದಾನೆ. ಹೆದ್ದಾರಿ ಹಾಯುವ ಊರುಗಳಲ್ಲಿ ಸಂಖ್ಯೆ ಸ್ವಲ್ಪ ಜಾಸ್ತಿ. ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಇವನಿಗೆ ಹೇಳಿ ಮಾಡಿಸಿದ ಜಾಗ. ನಂಜನಗೂಡಿಗೂ ಗುಂಡ್ಲುಪೇಟೆಗೂ ನಡುವಿನ ಈ ಹೋಬಳಿ ಊರಿನ ಮೂಲಕ, ಹಿಂದೆ 212 ಎನಿಸಿಕೊಂಡು ಈಗ 766 ಆಗಿರುವ ರಾಷ್ಟ್ರೀಯ ಹೆದ್ದಾರಿ ಹೋಗುತ್ತದೆ. ಊಟಿಗೆ ಹೊರಟವರು, ವಯನಾಡಿನವರು, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಭಕ್ತರು ಎಲ್ಲರೂ ಇದೇ ದಾರಿ ಹಿಡಿಯಬೇಕು. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಮುಚ್ಚುವುದರಿಂದ ಸಂಜೆ ಹೊತ್ತಿನಲ್ಲಿ ಯಾರೂ ನಿಧಾನ ಮಾಡುವುದಿಲ್ಲ. ರಸ್ತೆ ಬದಿಯ ಮನೆಗೆ ಒಬ್ಬ ನೋಡುಗ ಸಿಗುವುದು ಹೆಚ್ಚೆಂದರೆ ಮೂರು ನಾಲ್ಕು ಸೆಕೆಂಡು. ಯಜಮಾನನ ವಾಸ್ತುಶಿಲ್ಪವೆಲ್ಲ ಈ ಮೂರು ನಾಲ್ಕು ಸೆಕೆಂಡಿನ ಲೆಕ್ಕದ ಮೇಲೆ ನಿಂತಿದೆ. ಕಾರಿನಲ್ಲಿ ಹೋಗುವವನ ಕಣ್ಣಿಗೆ ಬೀಳಬೇಕಾದರೆ ಕಟ್ಟಡಕ್ಕಿಂತ ಅದರ ಮುಂದಿನ ಫಲಕವೇ ದೊಡ್ಡದಾಗುತ್ತದೆ ಎಂದು ರಾಬರ್ಟ್ ವೆಂಚುರಿ ಮತ್ತು ಅವನ ಜೊತೆಗಾರರು ಲಾಸ್ ವೇಗಸ್ಸಿನ ಬೀದಿ ನೋಡಿ 1972ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಬೇಗೂರಿನವನು ಅದನ್ನು ಓದಿಲ್ಲ. ಓದುವ ಅಗತ್ಯವೂ ಬೀಳಲಿಲ್ಲ.

ಇವನು ಸಾಮಾನ್ಯವಾಗಿ ನಲವತ್ತು ದಾಟಿದವನು. ನಾಲ್ಕಾರು ಎಕರೆ ಹೊಲ, ಒಂದು ಬೋರ್‌ವೆಲ್ಲು, ಜೊತೆಗೆ ಗೊಬ್ಬರದ ಅಂಗಡಿಯೋ ಮೈಸೂರಿನಲ್ಲಿ ನೌಕರಿಗಿರುವ ತಮ್ಮನೋ ಇರುತ್ತಾನೆ. ಬ್ಯಾಂಕಿನ ಸಾಲ ಸಿಕ್ಕರೂ ಮನೆ ಒಂದೇ ಸಲಕ್ಕೆ ಏಳುವುದಿಲ್ಲ. ಮಂಡಿಯ ದರ ಹೇಗೋ ಹಾಗೆ. ಅರಿಶಿನಕ್ಕೆ ದಾಖಲೆ ಬೆಲೆ ಬಂದ 2010–11ರಲ್ಲಿ ಪಾಯ ಬಿದ್ದಿರುತ್ತದೆ. ಸಾಂಬಾರ್ ಈರುಳ್ಳಿ ಕೈಹಿಡಿದ ವರ್ಷ ಗೋಡೆ ಎದ್ದಿರುತ್ತದೆ, ಕೈಕೊಟ್ಟ ವರ್ಷಗಳಲ್ಲಿ ಪಿಲ್ಲರಿನ ಕಂಬಿಗಳು ಆಕಾಶ ನೋಡುತ್ತ ತುಕ್ಕು ಹಿಡಿದಿರುತ್ತವೆ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಎಲಿವೇಷನ್. ಮನೆಯ ಯಾವ ಭಾಗ ಯಾವ ಬೆಳೆಯದ್ದೆಂಬುದು ಊರವರಿಗೆ ಬಾಯಿಪಾಠ. ಯಜಮಾನನ ಮುಂದೆ ಮಾತ್ರ ಹೇಳುವುದಿಲ್ಲ.

ಮೊದಲ ಲಕ್ಷಣ ಮೊಬೈಲಿನಲ್ಲಿ ಗೋಚರಿಸುತ್ತದೆ. ದುಬೈನ ಒಂದು ವಿಲ್ಲಾ, ಕಲ್ಲಿಕೋಟೆಯ ಒಂದು ಇಳಿಜಾರು ಸೂರು, ಮೈಸೂರಿನ ವಿಜಯನಗರದ ಒಂದು ಕಾಂಪೌಂಡು, ಯಾವ ದೇಶದ್ದೆಂದು ತಿಳಿಯದ ಒಂದು ಮೆಟ್ಟಿಲು: ಹೀಗೆ ಚಿತ್ರಗಳು ಸೇರುತ್ತ ಹೋಗಿ, ಮೊಮ್ಮಗುವಿನ ನಾಮಕರಣದ ಫೋಟೋಗೆ ಜಾಗ ಸಾಲದೆ ಬರುತ್ತದೆ. ಚಿತ್ರದ ಮನೆ ಇಪ್ಪತ್ತು ಗುಂಟೆಯಲ್ಲಿದ್ದು ತನ್ನದು ಮೂವತ್ತು–ನಲವತ್ತರ ಸೈಟು ಎಂಬುದು ಇವನ ಗಮನಕ್ಕೆ ಬರುವುದಿಲ್ಲ. ಹನ್ನೆರಡು ಚದರದ ಮನೆಯಲ್ಲಿ ಸುರುಳಿ ಮೆಟ್ಟಿಲೂ, ಎರಡಂತಸ್ತಿನ ಎತ್ತರದ ಹಾಲೂ, ನಾಲ್ಕು ಅಟ್ಯಾಚ್ಡ್ ಬಾತ್‌ರೂಮೂ ಆಗಬೇಕೆಂದು ಎಂಜಿನಿಯರ್ ಮುಂದೆ ಕೂರುತ್ತಾನೆ. ಎಂಜಿನಿಯರ್ ಹುಡುಗ ಕಂಪ್ಯೂಟರಿನಲ್ಲಿ ತ್ರೀಡಿ ತೆಗೆದುಕೊಡುತ್ತಾನೆ. ಅದರಲ್ಲಿ ಮನೆಯ ಮುಂದೆ ಖರ್ಜೂರದ ಮರ, ಕೆಂಪು ಕಾರು, ಕೋಟು ಹಾಕಿದ ಒಬ್ಬ ಬಿಳಿಯ. ಖರ್ಜೂರದ ಗಿಡವನ್ನು ಮರುವಾರವೇ ನರ್ಸರಿಯಿಂದ ತರಿಸಲಾಗುತ್ತದೆ.

ಎಂಜಿನಿಯರ್ ಒಂದು ಸಲ, ವಯಸ್ಸಿನ ಉತ್ಸಾಹದಲ್ಲಿ, ಲಾರಿ ಬೇಕರ್ ಮಾದರಿಯ ಮಾತೆತ್ತುವುದುಂಟು. ಇಂಗ್ಲೆಂಡಿನಲ್ಲಿ ಹುಟ್ಟಿ ತಿರುವನಂತಪುರದಲ್ಲಿ ನೆಲೆಸಿದ ಬೇಕರ್ ಇಟ್ಟಿಗೆಗಳನ್ನು ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟುತ್ತಿದ್ದರು. ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಒಳಗೆ ತಂಪಿರುತ್ತದೆ, ಹೊರಗೆ ಗಾರೆ ಬೇಕಿಲ್ಲ. ಯಜಮಾನ ಕೊನೆತನಕ ತಾಳ್ಮೆಯಿಂದ ಕೇಳಿ, "ಪ್ಲಾಸ್ಟರಿಂಗ್‌ಗೆ ದುಡ್ ಸಾಲ್ನಿಲ್ವಾ ಅಂತಾರ ಸಾ" ಎನ್ನುತ್ತಾನೆ. ಬೇಕರ್ ವಾದಕ್ಕೆ ದೇಶದಲ್ಲಿ ಹಲವು ತಜ್ಞರು ಉತ್ತರ ಬರೆದಿದ್ದಾರೆ. ಇಷ್ಟು ಚಿಕ್ಕದಾಗಿ, ಇಷ್ಟು ಗಟ್ಟಿಯಾಗಿ ಯಾರೂ ಹೇಳಿಲ್ಲ.

ಮೇಸ್ತ್ರಿಯ ಪದ್ಧತಿ ಬೇರೆ. ಯಾವ ಚಿತ್ರ ತೋರಿಸಿದರೂ "ಮಾಡವ ಬುಡಣ್ಣ" ಎಂದು, ಕಳೆದ ವರ್ಷ ತೆರಕಣಾಂಬಿಯಲ್ಲಿ ಕಟ್ಟಿದ್ದನ್ನೇ ಇಲ್ಲೂ ಕಟ್ಟುತ್ತಾನೆ.

ವಾಸ್ತು ನೋಡುವವರು ಬರುವುದು ಪಾಯ ಬಿದ್ದ ಮೇಲೆ. ಹೆದ್ದಾರಿ ಇಲ್ಲಿ ಸುಮಾರಾಗಿ ಉತ್ತರ–ದಕ್ಷಿಣ. ಆದ್ದರಿಂದ ರಸ್ತೆಯ ಒಂದು ಸಾಲಿನ ಮನೆಗಳಿಗೆ ಮೂಡಣದ ಬಾಗಿಲು ಸಲೀಸು, ಎದುರು ಸಾಲಿನವರದು ಪಡುವಣ. ಪಡುವಣ ಸಾಲಿನ ಯಜಮಾನ ಸೋಲುವವನಲ್ಲ. ಮುಖವನ್ನು ರಸ್ತೆಗೂ ಬಾಗಿಲನ್ನು ಪಕ್ಕಕ್ಕೂ ಕೊಡುತ್ತಾನೆ. ಬಂದ ನೆಂಟರು ಎಲಿವೇಷನ್ ಮುಂದೆ ಚಪ್ಪಲಿ ಬಿಟ್ಟು, ಬಾಗಿಲು ಹುಡುಕುತ್ತ ಬರಿಗಾಲಲ್ಲಿ ಮನೆಗೊಂದು ಅರ್ಧ ಪ್ರದಕ್ಷಿಣೆ ಹಾಕುತ್ತಾರೆ.

ಎಲಿವೇಷನ್ನಿನ ಘಟಕಗಳು ಇವು: ಎರಡಂತಸ್ತು ಎತ್ತರದ, ಏನನ್ನೂ ಹೊರದ ಎರಡು ಚೌಕ ಕಂಬ, ಮಹಡಿಗಿಂತ ಮೇಲೆದ್ದು ಗಾಳಿಗೆ ನಿಂತ ಒಂದು ಗೋಡೆ, ಅದರಲ್ಲಿ ಆಕಾಶ ಕಾಣುವ ಒಂದು ಕಿಂಡಿ, ಕೊರೆದ ಜಾಲರಿ ತಗಡು, ಕಂದು ಲೂವರ್ಸು, ಸ್ಟೀಲ್ ರೇಲಿಂಗು, ಕಲ್ಲಿನಂತೆ ಕಾಣುವ ಟೈಲ್ಸು. ಕಟ್ಟಡದ ಮುಖಕ್ಕೂ ಅದರ ಭಾರಕ್ಕೂ ಸಂಬಂಧ ಬೇಕಿಲ್ಲ ಎಂದು ಲೆ ಕಾರ್ಬುಸಿಯೆ 1920ರ ದಶಕದಲ್ಲಿ ಸಾರಿದ್ದ. ಆ ತತ್ವ ಪೂರ್ಣವಾಗಿ ಸಿದ್ಧಿಸಿದ್ದು ಇಂಥ ಊರುಗಳಲ್ಲಿ. ಅವನು ಪ್ಯಾರಿಸ್ ಬಳಿ ಕಟ್ಟಿ 1931ರಲ್ಲಿ ಮುಗಿಸಿದ ವಿಲ್ಲಾ ಸವೋಯ್ ಸೋರುತ್ತದೆಂದು ಮನೆಯೊಡತಿ ಪತ್ರದ ಮೇಲೆ ಪತ್ರ ಬರೆದಳು. ಆ ಸೋರಿಕೆಯೂ ಬೇಗೂರಿಗೆ ಬಂದು ತಲುಪಿದೆ. ಮೇಲೆದ್ದ ಗೋಡೆ ಮೋಲ್ಡಿಗೆ ಕೂಡುವ ಮೂಲೆಯಲ್ಲಿ ನೀರು ನಿಂತು, ಮೊದಲ ಮುಂಗಾರಿಗೇ ಬೆಡ್‌ರೂಮಿನ ಗೋಡೆಯ ಮೇಲೆ ಭೂಪಟ ಮೂಡುತ್ತದೆ.

ಸೂರಿನ ವಿಚಾರದಲ್ಲಿ ಕೇರಳದ ಪ್ರಭಾವ ಬಹಳ. ಗುಂಡ್ಲುಪೇಟೆ ಮಳೆ ನೆರಳಿನ ಒಣ ಸೀಮೆ. ಆದರೂ ವಯನಾಡಿನ ಜಡಿಮಳೆಗೆ ತಕ್ಕ ಕಡಿದಾದ ಇಳಿಜಾರು ಮೋಲ್ಡು ಹಾಕಿಸಿ, ಅದರ ಮೇಲೆ ಹೆಂಚನ್ನು ಸಿಮೆಂಟಿನಲ್ಲಿ ಅಂಟಿಸಲಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಹೆಂಚು ಸುಡಲಾರಂಭಿಸಿದಾಗ ಅದರ ಕೆಲಸ ಮಳೆ ತಡೆಯುವುದಾಗಿತ್ತು. ಈಗ ಮಳೆಯನ್ನು ಕಾಂಕ್ರೀಟು ತಡೆಯುತ್ತದೆ, ಹೆಂಚನ್ನೂ ಕಾಂಕ್ರೀಟೇ ಹೊರುತ್ತದೆ.

ಕಲ್ಲಿನ ಸಂಗತಿ ಇನ್ನೂ ಸ್ವಾರಸ್ಯ. ಚಾಮರಾಜನಗರದ ಕರಿಕಲ್ಲಿಗೆ ಲೋಕದಲ್ಲೆಲ್ಲ ಹೆಸರು; ಹಡಗೇರಿ ಹೋಗಿ ಪರದೇಶಗಳ ಸಮಾಧಿಗಳ ಮೇಲೆ ಥಳಥಳಿಸುತ್ತದೆ. ಯಜಮಾನ ಮಾತ್ರ, ಕಪ್ಪು ಮನೆಗೆ ಆಗಿಬರುವುದಿಲ್ಲವೆಂದು, ಗುಜರಾತಿನ ಮೊರ್ಬಿಯಿಂದ ಸಾವಿರದೈನೂರು ಕಿಲೋಮೀಟರಿಗೂ ಹೆಚ್ಚು ದೂರ ಬಂದ, ಇಟಲಿಯ ಅಮೃತಶಿಲೆಯ ಚಿತ್ರ ಅಚ್ಚಾದ ಬಿಳಿ ಟೈಲ್ಸನ್ನು ನೆಲಕ್ಕೆ ಹಾಸಿಸುತ್ತಾನೆ. ಗೃಹಪ್ರವೇಶದ ಹಸುವಿಗೆ ಇದರ ಅನುಭವ ಮೊದಲು ಆಗುತ್ತದೆ. ಹೊಸ್ತಿಲು ದಾಟಿದ ಕೂಡಲೇ ನಾಲ್ಕು ಕಾಲೂ ನಾಲ್ಕು ದಿಕ್ಕು ಹಿಡಿಯುವುದರಿಂದ ಗೋಣಿತಾಟು ಹಾಸುವುದು ಈಗ ಶಾಸ್ತ್ರದ ಭಾಗವೇ ಆಗಿಬಿಟ್ಟಿದೆ.

ಇಷ್ಟೆಲ್ಲ ಮುಗಿದ ಮೇಲೆ, ಲಕ್ಷಗಟ್ಟಲೆ ಸುರಿದ ಮುಖದ ನಟ್ಟನಡುವೆ, ಕೋರೆಹಲ್ಲಿನ ದೃಷ್ಟಿಬೊಂಬೆಯೊಂದನ್ನು ಕಟ್ಟಲಾಗುತ್ತದೆ. ನೋಡಲೆಂದು ಕಟ್ಟಿಸಿದ್ದನ್ನು ಯಾರೂ ನೋಡದಿರಲೆಂದು.

ಒಳಾಂಗಣದ ಕೆಲಸಕ್ಕೆ ಬರುವವರು ಹೆಚ್ಚಾಗಿ ರಾಜಸ್ಥಾನ, ಬಿಹಾರದ ಹುಡುಗರು. "ಭಯ್ಯಾ, ಥೋಡಾ ಆ ಕಡೆ ಕರೋ" ಎಂಬ ಹಿಂದಿಯಲ್ಲಿ ಯಜಮಾನ ಇಡೀ ಫಾಲ್ಸ್ ಸೀಲಿಂಗ್ ಮಾಡಿಸುತ್ತಾನೆ. ಹತ್ತಡಿ ಎತ್ತರ ಬೇಕೆಂದು ಜಗಳವಾಡಿ ಪಡೆದ ಮಾಳಿಗೆಯನ್ನು ಒಂದಡಿ ಕೆಳಗಿಳಿಸಿ, ಸಂದಿಯಲ್ಲಿ ನೀಲಿ, ನೇರಳೆ, ಹಳದಿ ಬಣ್ಣದ ದೀಪದ ಪಟ್ಟಿ. ಅವನ್ನು ಹಚ್ಚುವುದು ಕರೆಂಟು ಇದ್ದಾಗ, ನೆಂಟರೂ ಇದ್ದಾಗ. ಮಿಕ್ಕ ದಿನ ಒಂದು ಟ್ಯೂಬ್‌ಲೈಟು ಸಾಕು. ಟೀವಿ ಗೋಡೆಗೆ ಪ್ಲೈವುಡ್ಡಿನ ಗೂಡುಗಳು ಬರುತ್ತವೆ. ಅವುಗಳಲ್ಲಿ ಏನಿಡಬೇಕೆಂದು ಯೋಚಿಸಿದವರಿಲ್ಲವಾದ್ದರಿಂದ ಮಗಳ ಓಟದ ಕಪ್ಪು, ಮದುವೆಯಲ್ಲಿ ಬಂದ ಗಣೇಶಗಳು, ಸ್ಪ್ರೇಯರಿನ ಚಾರ್ಜರು.

ಹಾಲಿನ ನಡುವೆ 'ಓಪನ್ ಟು ಸ್ಕೈ' ಎಂಬ ಭಾಗವಿದೆ. ಚಿತ್ರದಲ್ಲಿ ಅದರ ಕೆಳಗೆ ಬೆಣಚುಕಲ್ಲು, ಬುದ್ಧನ ತಲೆ, ಒಂದು ಬಿದಿರು. ಈ ಸೈಟಿನಲ್ಲೇ ಮೊದಲು ಇದ್ದದ್ದು ನಾಡಹೆಂಚಿನ ತೊಟ್ಟಿಮನೆ. ನಾಲ್ಕೂ ಕಡೆಯ ಸೂರು ಒಳಕ್ಕಿಳಿದು ತೊಟ್ಟಿಗೆ ಮಳೆ ಸುರಿಯುತ್ತಿತ್ತು, ಬೆಳಕು ಬೀಳುತ್ತಿತ್ತು, ಸುತ್ತಿನ ಪಡಸಾಲೆಯಲ್ಲಿ ರಾಗಿ ಮೂಟೆಯೂ ಮಕ್ಕಳೂ ಮಲಗುತ್ತಿದ್ದರು. ಅದನ್ನು ಕತ್ತಲೆ ಮನೆಯೆಂದು ಕೆಡವಿದ್ದಾಯಿತು. ಕಂಬಗಳನ್ನು ಹಳೆ ಸಾಮಾನಿನವನಿಗೆ ತೂಕದ ಮೇಲೆ ಕೊಟ್ಟದ್ದೂ ಆಯಿತು. ಹೊಸ ತೊಟ್ಟಿಗೆ ಗಟ್ಟಿ ಗಾಜು ಹೊದೆಸಿದ್ದಾರೆ. ಮಾರ್ಚ್ ತಿಂಗಳಲ್ಲಿ ಆ ಗಾಜಿನ ಕೆಳಗೆ ಬಿದಿರು ಒಣಗಿ, ಬುದ್ಧನೂ ಬಿಸಿಯಾದಾಗ, ಹೂವಿನ ಸಸಿಮಡಿಗೆಂದು ತಂದಿದ್ದ ಹಸಿರು ಶೇಡ್‌ನೆಟ್ಟನ್ನು ಮೇಲೆ ಎಳೆದು ಕಟ್ಟಲಾಗುತ್ತದೆ. ಆಮೇಲೆ ಹಗಲಲ್ಲೂ ಟ್ಯೂಬ್‌ಲೈಟು ಉರಿಯುತ್ತದೆ.

ಅಡುಗೆಮನೆಯ ಚರಿತ್ರೆಗೆ ಸ್ವಲ್ಪ ನಿಧಾನ ಬೇಕು, ಏಕೆಂದರೆ ಯಜಮಾನ ಸೋಲುವುದು ಇಲ್ಲಿ. ಪ್ಲಾನು ಹಿಡಿದು ಮನೆಯವರನ್ನೆಲ್ಲ ಕೂರಿಸಿ ವಿವರಿಸಿದ ದಿನ ಅವನ ಅವ್ವ ಕೇಳಿದ್ದು ಒಂದೇ ಮಾತು: "ಒಲ ಎಲ್ಲಿ ಮಡುಗದು ಮಗ?" ಓಪನ್ ಕಿಚನ್ನು, ಚಿಮ್ನಿ, ಒತ್ತಿದರೆ ಮೆಲ್ಲಗೆ ಮುಚ್ಚಿಕೊಳ್ಳುವ ಡ್ರಾಯರು, ಹಾಲಿಗೂ ಅಡುಗೆಮನೆಗೂ ನಡುವೆ ಗೋಡೆಯ ಬದಲು ಎತ್ತರದ ಕುರ್ಚಿ ಎರಡು, ಎಲ್ಲವನ್ನೂ ಹೇಳಿದ. ಅವ್ವ ಪೂರ್ತಿ ಕೇಳಿಸಿಕೊಂಡು, "ಅದು ಸರಿ ಕನಪ್ಪ, ಒಲ?" ಎಂದಳು.

ಓಪನ್ ಕಿಚನ್ನಿನಲ್ಲಿ ಮೊದಲ ಸಲ ಹುರುಳಿಕಾಳಿನ ಸಾರಿಗೆ ಒಗ್ಗರಣೆ ಬಿದ್ದಾಗ ಹಾಲಿನಲ್ಲಿದ್ದ ಸಾಲದ ಸಾಹೇಬರು ಸೀನುತ್ತ ಹೊರಗೋಡುತ್ತಾರೆ. ಐದು ಜನರ ಮುದ್ದೆ ತೊಳಸಲು ಗಾಜಿನ ಸ್ಟೌವು ಒಪ್ಪುವುದಿಲ್ಲ. ಹಿಟ್ಟಿನ ಕೋಲು ಒತ್ತಿದ ಹೊಡೆತಕ್ಕೆ ಬರ್ನರು ಓರೆಯಾಗುತ್ತದೆ. ಬಾಡೂಟಕ್ಕಂತೂ ಮೊದಲಿಂದಲೇ ಆ ಕಡೆ ಪ್ರವೇಶವಿಲ್ಲ, ಕ್ಯಾಬಿನೆಟ್ಟು ಬಿಳಿ. ಒಂದು ತಿಂಗಳೊಳಗೆ ಮನೆಯ ಹಿಂದೆ ನಾಲ್ಕು ಪೈಪು ನೆಟ್ಟು ಒಂದು ಶೀಟು ಏಳುತ್ತದೆ. ಕೆಳಗೆ ಮೂರು ಕಲ್ಲಿನ ಒಲೆ, ತೆಂಗಿನ ಗರಿ, ಒಳಕಲ್ಲು, ಹಳೆ ಮನೆಯಿಂದ ಹೇಗೋ ಉಳಿದ ಒಂದು ಮರದ ಮಣೆ. ಬರಬರುತ್ತ ಊಟ, ಹಸೆ, ಪಂಚಾಯ್ತಿ ಎಲ್ಲ ಅಲ್ಲಿಗೇ ಸರಿಯುತ್ತವೆ. ಈ ಶೀಟಿಗೆ ಎಂಜಿನಿಯರ್ ಪ್ಲಾನು ಬರೆದಿಲ್ಲ, ವಾಸ್ತು ಯಾರೂ ಕೇಳಿಲ್ಲ, ಮೊಬೈಲಿನ ಯಾವ ಚಿತ್ರದಲ್ಲೂ ಇದಿಲ್ಲ. ಇಡೀ ಮನೆಯಲ್ಲಿ ಗಾಳಿಯಾಡುವ ಜಾಗ ಇದೊಂದೇ ಎಂಬುದನ್ನು ಯಜಮಾನ ಒಪ್ಪುವುದಿಲ್ಲ. ಮಧ್ಯಾಹ್ನದ ನಿದ್ದೆಯನ್ನು ಮಾತ್ರ ಅಲ್ಲೇ ಮಾಡುತ್ತಾನೆ.

ಓಣಂ ಹೊತ್ತಿಗೆ ಗುಂಡ್ಲುಪೇಟೆ ಸೀಮೆಯ ಚೆಂಡುಹೂವು, ಸೂರ್ಯಕಾಂತಿ ಹೊಲಗಳನ್ನು ನೋಡಲು ಕೇರಳದ ಕಾರುಗಳು ಸಾಲಾಗಿ ಬರುತ್ತವೆ. ಯಜಮಾನ ಆ ವಾರ ಸಂಜೆಗೆ ಮುಂಚೆಯೇ ಬಣ್ಣದ ದೀಪ ಹಚ್ಚಿ ಗೇಟಿನ ಬಳಿ ನಿಂತಿರುತ್ತಾನೆ. ಕಾರೊಂದು ನಿಜವಾಗಿಯೂ ನಿಲ್ಲುತ್ತದೆ, ಮೊಬೈಲು ಹಿಡಿದವರು ಇಳಿಯುತ್ತಾರೆ, ಎಲಿವೇಷನ್ನಿಗೆ ಬೆನ್ನು ಹಾಕಿ ಎದುರಿನ ಹೂವಿನ ಹೊಲದಲ್ಲಿ ಚಿತ್ರ ತೆಗೆಸಿಕೊಂಡು ಹೊರಡುತ್ತಾರೆ. ಹೂವು ಯಾರದ್ದೆಂದು ಒಬ್ಬರೂ ಕೇಳುವುದಿಲ್ಲ. ಅದೂ ಇವನದ್ದೇ.

ಎಲಿವೇಷನ್ನಿನ ಆಯುಸ್ಸು ಪಕ್ಕದ ಸೈಟಿನಲ್ಲಿ ಪಾಯ ತೋಡುವವರೆಗೆ. ಪಕ್ಕದವನ ತ್ರೀಡಿಯಲ್ಲಿ ಕಂಬ ಇನ್ನೆರಡಡಿ ಎತ್ತರ, ಟೈಲ್ಸು ಬೂದು ಬಣ್ಣ. ಕಂದು ಲೂವರ್ಸು ಒಂದು ವರ್ಷದಲ್ಲಿ ಹಳತಾಗುತ್ತದೆಂದು ಯಾರೂ ಹೇಳಿರಲಿಲ್ಲ. ಈ ಹಂತದಲ್ಲಿ ಕೆಲವರು ಮುಖಕ್ಕೆ ಮತ್ತೆ ಬಣ್ಣ ಬಳಿಸುತ್ತಾರೆ. ಹೆಚ್ಚಿನವರು ಸಲಹೆಗಾರರಾಗುತ್ತಾರೆ. ಹೋಬಳಿಯಲ್ಲಿ ಎಲ್ಲಿ ಮೋಲ್ಡು ಹಾಕುತ್ತಿದ್ದರೂ ಸಂಜೆ ಐದರ ಸುಮಾರಿಗೆ ಹೋಗಿ, ಸೆಂಟ್ರಿಂಗ್ ಹಲಗೆಯ ಕೆಳಗೆ ತಲೆ ಬಗ್ಗಿಸಿ ನಿಂತು, ಸಜ್ಜಾ ಆರಿಂಚು ಮುಂದಕ್ಕೆ ಬರಬೇಕಿತ್ತೆಂದೂ, ಕಂಬ ದಪ್ಪ ಸಾಲದೆಂದೂ ಹೇಳುತ್ತಾರೆ. ಯಾರಾದರೂ ಕೇಳಿದರೆ ಮೊಬೈಲು ತೆಗೆದು ತೋರಿಸುತ್ತಾರೆ. ಹಿಂದೆ ಒಂದು ಶೀಟಿಗೆ ಜಾಗ ಬಿಡಿ ಎಂದು ಮಾತ್ರ ಇವರಲ್ಲಿ ಒಬ್ಬರೂ ಈವರೆಗೆ ಬಾಯಿಬಿಟ್ಟು ಹೇಳಿಲ್ಲ.